ಹಸಿರು ಕಾಗದದ ಬಾಗಿಲು

ದೌ ಯಾನ್‌ಚಿಂಗ್ ಮೇಷ್ಟ್ರಿಗೆ ಊರಿನಲ್ಲಿ ಯಾರ ಕೈಬರಹವೂ ಹಿಡಿಸುತ್ತಿರಲಿಲ್ಲ. ಬ್ಯಾಂಕಿನ ಬೋರ್ಡಿನ ಮುಂದೆ ಸೈಕಲ್ ನಿಲ್ಲಿಸಿ, ಇದನ್ನು ಬರೆದವನಿಗೆ ಸೊಂಟ ಉಳುಕಿರಬೇಕು ಎಂದು ಗೊಣಗಿಯೇ ಮುಂದೆ ಹೋಗುವರು. ಹೊಸ ಹೋಟೆಲಿನವನು ಪ್ರಾಂತದ ರಾಜಧಾನಿಯಿಂದ ಬರೆಸಿ ತಂದ ಹಲಗೆಯನ್ನು ನೋಡಿ, "ನಿನ್ನ ನೂಡಲ್ಸೇ ಇದಕ್ಕಿಂತ ನೆಟ್ಟಗಿದೆಯಲ್ಲೋ," ಎಂದು ಹೇಳಿ, ಅವನ ಎದುರೇ ಕೂತು ಅದೇ ನೂಡಲ್ಸ್ ತಿಂದು ಬಂದಿದ್ದರು. ಹೊಗಳಿಕೆ ಎಂಬುದು ಅವರ ನಾಲಗೆಗೆ ಹತ್ತಿದ್ದೇ ಇಲ್ಲ. ಮೂವತ್ತಾರು ವರ್ಷದ ಮೇಷ್ಟ್ರಗಿರಿಯಲ್ಲಿ ಯಾವುದಾದರೂ ಮಗು ತಕ್ಕಮಟ್ಟಿಗೆ ಬರೆದರೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಇದನ್ನ ಬಿಸಾಡಬೇಡ." ಆ ಮಾತು ಕೇಳಿಸಿಕೊಂಡ ಮಕ್ಕಳನ್ನು ಎಣಿಸಲು ಎರಡು ಕೈಯ ಬೆರಳು ಸಾಕು.

ಈ ಜಂಬಕ್ಕೆ ಆಧಾರ ಇಲ್ಲದೆ ಇರಲಿಲ್ಲ. ಅಪ್ಪ ಸಹಕಾರಿ ಅಂಗಡಿಯ ಗುಮಾಸ್ತ. ಮಗನ ಕೈಗೆ ಒಂದು ಕುಂಚ, ಒಂದು ಬೋಗುಣಿ ನೀರು, ಒಂದು ಇಟ್ಟಿಗೆ ಕೊಟ್ಟು ಅಂಗಳದಲ್ಲಿ ಕೂರಿಸುತ್ತಿದ್ದ. ನೀರಿನಲ್ಲಿ ಬರೆದದ್ದು ಆರಿಹೋಗುವುದರೊಳಗೆ ತನ್ನ ತಪ್ಪನ್ನು ತಾನೇ ಹೇಳಬೇಕು. ಹೇಳದಿದ್ದರೆ ಕಿವಿ ಹಿಂಡಿಸಿಕೊಳ್ಳಬೇಕು. ಹದಿನಾರಕ್ಕೆ ಹಳ್ಳಿಗಳ ಗೋಡೆ ಮೇಲೆ ಸುಣ್ಣದಲ್ಲಿ ಸರಕಾರದ ಘೋಷಣೆ ಬರೆಯುವ ಕೆಲಸ ಸಿಕ್ಕಿತು. ಆಳೆತ್ತರದ ಅಕ್ಷರ, ಪೊರಕೆಯಷ್ಟು ದಪ್ಪ ಕುಂಚ. ಎರಡನೇ ಮಗು ಹೆತ್ತವರ ಮನೆಯ ಮಾಡು ಕೀಳುತ್ತೇವೆ ಎಂಬ ಸಾಲನ್ನು ಹನ್ನೊಂದು ಹಳ್ಳಿಗಳಲ್ಲಿ ಬರೆದರು. ಆ ಮಾತು ಯಾರಾದರೂ ಎತ್ತಿದರೆ ಇವತ್ತಿಗೂ, "ಸಾಲು ಎಷ್ಟು ನೆಟ್ಟಗೆ ಬಂದಿತ್ತು ಗೊತ್ತಾ?" ಎನ್ನುತ್ತಾರೆ. ಬರೆದದ್ದೇನು ಎಂಬುದಕ್ಕೂ ತಮಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ.

ಇಂಥವರ ಕೊರಳಿಗೆ ಶಾಲೆಯ ಕುಂಚಬರಹ ಸಂಘ ಬಂದು ಬಿತ್ತು. ಮಕ್ಕಳಿಗೆ ನಮ್ಮ ಸಂಸ್ಕೃತಿ ಕಲಿಸಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಸಂಸ್ಕೃತಿಗೆ ವಾರಕ್ಕೊಂದು ಗಂಟೆ, ಬುಧವಾರ ಮಧ್ಯಾಹ್ನ. ಅದೂ ಗಣಿತದವರು ಆ ಗಂಟೆಯನ್ನು ಕಿತ್ತುಕೊಳ್ಳದಿದ್ದರೆ. ಬೆಂಚಿಗೂ ಗೋಡೆಗೂ ಕಲೆಯಾದೀತೆಂದು ಶಾಲೆಯವರು ಮಸಿಯನ್ನೇ ಕೊಳ್ಳಲಿಲ್ಲ. ನೀರಿನಲ್ಲಿ ಬರೆದರೆ ಕಪ್ಪಗೆ ಮೂಡಿ ನಾಲ್ಕು ನಿಮಿಷದಲ್ಲಿ ಮಾಯವಾಗುವ ಒಂದು ಬಗೆಯ ಬಟ್ಟೆಯ ಹಾಳೆ ತರಿಸಿದರು. ಸರಿ ಬರೆದರೂ ಮಾಯ, ತಪ್ಪು ಬರೆದರೂ ಮಾಯ. ಇಟ್ಟಿಗೆಯ ಮೇಲಿನ ನೀರೂ ಮಾಯವಾಗುತ್ತಿತ್ತು ನಿಜ, ಆದರೆ ಇಟ್ಟಿಗೆಯ ಪಕ್ಕದಲ್ಲಿ ಅಪ್ಪನ ಕೈ ಇರುತ್ತಿತ್ತು. ಇಲ್ಲಿ ಕಿವಿ ಮುಟ್ಟಿದರೆ ತಾಯಂದಿರು ಫೋನ್ ಹಿಡಿದು ಮೆರವಣಿಗೆ ಬರುತ್ತಾರೆ.

ನಲವತ್ತು ಮಕ್ಕಳು ಹೆಸರು ಕೊಟ್ಟಿದ್ದರು. ಅದರಲ್ಲಿ ಮೂವತ್ತೊಂಬತ್ತು ಮಕ್ಕಳು ಬಂದದ್ದು, ಸಂಘ ಸೇರಿದರೆ ಗುಣನಡತೆಯ ಕಡತದಲ್ಲಿ ಒಂದು ಸಾಲು ಸೇರುತ್ತದೆ ಎಂದು. ಕುಂಚವನ್ನು ಹಲ್ಲುಜ್ಜುವ ಬ್ರಷ್ಷಿನ ಹಾಗೆ ಹಿಡಿಯುವರು, ಮಾಯವಾಗುವ ಬಟ್ಟೆಯ ಮೇಲೆ ಆಮೆ ಬರೆದು ಪಕ್ಕದವನ ಹೆಸರಿಡುವರು. "ಇದಕ್ಕೆ ಅಂಕ ಎಷ್ಟು ಮೇಷ್ಟ್ರೇ?" ಎಂದು ಒಬ್ಬ ತಾಯಿ ಕೇಳಿದಳು. "ನಿಮ್ಮ ಮಗ ಬರೆಯೋ ರೀತಿಗೆ ನೀವೇ ನಮಗೆ ಅಂಕ ಕೊಡಬೇಕು," ಎಂದರು ಮೇಷ್ಟ್ರು.

ಉಳಿದ ಒಬ್ಬಳು ಮೆಂಗ್ ಕೆಶಿನ್. ಹದಿಮೂರು ವರ್ಷ, ಅಪ್ಪನದು ಬೈಪಾಸಿನಲ್ಲಿ ಪಂಕ್ಚರ್ ಅಂಗಡಿ. ಅವಳು ಮನೆಯಿಂದಲೇ ಮಸಿ ತರುತ್ತಿದ್ದಳು, ಹಳೆಯ ಪೇಪರಿನ ಮೇಲೆ ಬರೆಯುತ್ತಿದ್ದಳು. ಮೇಷ್ಟ್ರು ಬೈಯುವ ಶ್ರಮ ತೆಗೆದುಕೊಳ್ಳುತ್ತಿದ್ದದ್ದು ಅವಳೊಬ್ಬಳಿಗಾಗಿ. "ಅಡ್ಡಗೆರೆ ಎಳೆದು ಓಡಿಹೋಗ್ತೀಯಲ್ಲ, ಸಾಲಗಾರ ಬಂದನಾ? ಕೊನೇಲಿ ನಿಲ್ಲು. ಹಿಂದಕ್ಕೆ ತಿರುಗು. ಒತ್ತು. ಆಮೇಲೆ ಎತ್ತು." ಎರಡು ವರ್ಷ ಬೈಸಿಕೊಂಡ ಮೇಲೆ, ಕಳೆದ ಶರತ್ಕಾಲದ ಒಂದು ಬುಧವಾರ, ಅವಳ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಷ್ಟ್ರು, "ಇದನ್ನ ಬಿಸಾಡಬೇಡ," ಎಂದರು. ಹುಡುಗಿ ಆ ಪೇಪರನ್ನು ನಾಲ್ಕು ಮಡಿಕೆ ಮಾಡಿ ಗಣಿತದ ಪುಸ್ತಕದಲ್ಲಿಟ್ಟುಕೊಂಡಳು.

ಸಂಘದ ಯಜಮಾನಿಕೆ ಮಾತ್ರ ಉಪಮುಖ್ಯಸ್ಥ ಶಾಂಗ್ ಹೈಬೋನದು. ಮೂಲತಃ ಆಟದ ಮೇಷ್ಟ್ರು. ಕೊರಳಲ್ಲಿ ಸೀಟಿ ಇದ್ದ ಜಾಗಕ್ಕೆ ಈಗ ಟೈ ಬಂದಿತ್ತು. ಫೋಟೋ ಸ್ಟುಡಿಯೋದಿಂದ ಹಳೆಯ ಕಾಲದ ನಿಲುವಂಗಿಗಳನ್ನು ಬಾಡಿಗೆಗೆ ತರಿಸಿ, ಮಕ್ಕಳಿಗೆ ಹಾಕಿಸಿ, ಕುಂಚ ಹಿಡಿಸಿ ಫೋಟೋ ತೆಗೆಸುವನು. ಅವನ ಮಟ್ಟಿಗೆ ಅಲ್ಲಿಗೆ ಸಂಸ್ಕೃತಿ ಮುಗಿಯಿತು. ಮಕ್ಕಳ ಬೆನ್ನ ಮೇಲೆ ಸ್ಟುಡಿಯೋದ ಚೀಟಿ ನೇತಾಡುತ್ತಿದ್ದರೂ ಅವನಿಗೆ ಕಾಣದು.

ವಸಂತದಲ್ಲಿ ತಪಾಸಣೆಯವರು ಬಂದ ದಿನ ಒಂದು ಎಡವಟ್ಟಾಗಿತ್ತು. ಬಾಗಿಲಿನ ಎರಡು ಪಕ್ಕಕ್ಕೂ ಒಂದೊಂದು ಕಾಗದದ ಪಟ್ಟಿಯಾಗಿ ಹಚ್ಚುವ ಜೋಡಿಸಾಲು ಅದು; ಶಾಲೆಯ ಹೆಬ್ಬಾಗಿಲಿಗೆ ಮೇಷ್ಟ್ರೇ ಬರೆದದ್ದನ್ನು ಶಾಂಗ್ ನಿಂತು ಅಂಟಿಸಿದ್ದ. ಮೊದಲ ಸಾಲು ಬಲಕ್ಕೆ ಬರಬೇಕು, ಎರಡನೆಯದು ಎಡಕ್ಕೆ. ಅವನು ಅದಲುಬದಲು ಮಾಡಿದ್ದ. ಮೇಷ್ಟ್ರು ಅತಿಥಿಗಳ ಎದುರೇ, "ಶಾಂಗ್ ಸಾರ್, ಪ್ಯಾಂಟನ್ನ ತಲೆಗೆ ಹಾಕ್ಕೊಂಡಂಗೆ ಆಗಿದೆ," ಎಂದರು. ಅತಿಥಿಗಳು ನಕ್ಕರು, ಶಾಂಗನೂ ನಕ್ಕ. ಎರಡು ವಾರದ ಮೇಲೆ, ಹಿರಿಯ ಶಿಕ್ಷಕ ದರ್ಜೆಗೆ ಮೇಷ್ಟ್ರು ಹಾಕಿದ್ದ ಅರ್ಜಿ ಶಾಂಗನ ರುಜುವಿಲ್ಲದೆ ವಾಪಸ್ ಬಂತು.

ಅದು ನಾಲ್ಕನೇ ಸಲ. ಮೇಷ್ಟ್ರ ಜೊತೆ ನೌಕರಿ ಸೇರಿದವರೆಲ್ಲ ಆ ದರ್ಜೆ ಪಡೆದಿದ್ದರು. ಪಾಠವನ್ನು ಪುಸ್ತಕ ನೋಡಿ ಓದಿ ನಿದ್ದೆ ಹೋಗುತ್ತಿದ್ದ ಭೂಗೋಳದವನಿಗೂ ಸಿಕ್ಕಿತ್ತು. ಮುಂದಿನ ಶರತ್ಕಾಲಕ್ಕೆ ಮೇಷ್ಟ್ರಿಗೆ ನಿವೃತ್ತಿ. ಐದನೇ ಅರ್ಜಿಯೇ ಕಡೆಯದು, ಹೊಸ ವರ್ಷದ ಹಬ್ಬದೊಳಗೆ ಶಾಂಗನ ರುಜು ಬೀಳದಿದ್ದರೆ ಸಾಧಾರಣ ಮೇಷ್ಟ್ರಾಗಿ ಬಂದವರು ಸಾಧಾರಣ ಮೇಷ್ಟ್ರಾಗಿಯೇ ಮನೆಗೆ ಹೋಗಬೇಕು. "ಊರವರ ಅಕ್ಷರದಲ್ಲೆಲ್ಲ ತಪ್ಪು ಹುಡುಕ್ತೀರಲ್ಲ," ಎಂದಳು ಹೆಂಡತಿ ಜಿನ್‌ಫೆಂಗ್, ಬನ್ನು ಬೇಯುವ ಹಬೆಯ ಹಿಂದಿನಿಂದ. "ನಿಮ್ಮ ಅರ್ಜಿ ನಾಲ್ಕು ಸಲ ವಾಪಸ್ ಬಂತಲ್ಲ, ಅದರಲ್ಲಿ ಯಾವ ಅಕ್ಷರ ಸೊಟ್ಟಗಿತ್ತು? ಈ ಸಲನಾದ್ರೂ ಬಾಯಿ ಮುಚ್ಚಿಕೊಂಡಿರಿ."

ಮೇಷ್ಟ್ರು ಬಾಯಿ ಮುಚ್ಚಿಕೊಂಡಿರಲು ನಿರ್ಧರಿಸಿದರು. ಒಳಗೊಳಗೇ ಶಾಂಗನನ್ನು ಕತ್ತೆ ಎಂದುಕೊಂಡು ಹೊರಗೆ ಹಲ್ಲುಕಿರಿಯುವುದನ್ನು ಐವತ್ತೊಂಬತ್ತನೇ ವಯಸ್ಸಿನಲ್ಲಿ ಕಲಿತರು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಶಾಂಗ್ ಹೊಸದೊಂದು ಕಾರ್ಯಕ್ರಮ ಹಾಕಿಕೊಂಡ. ಸಂಘದ ಮಕ್ಕಳು ತಾವೇ ಬರೆದ, ಹಬ್ಬದ ಕೆಂಪು ಕಾಗದದ ಜೋಡಿಸಾಲುಗಳನ್ನು ತಾವ್‌ಲೋ ಹಳ್ಳಿಗೆ ಹೋಗಿ ಮನೆಮನೆಯ ಬಾಗಿಲಿಗೆ ಹಚ್ಚುವುದು, ಶಿಕ್ಷಣ ಕಚೇರಿಯವರು ಅದರ ವಿಡಿಯೋ ತೆಗೆಯುವುದು. ತಾವೇ ಬರೆದ ಎಂಬುದು ಶಾಂಗನ ಮಾತು. ಅರವತ್ತು ಜೋಡಿಯನ್ನೂ ಬರೆದವರು ದೌ ಮೇಷ್ಟ್ರು. ಶಾಂಗನ ಅಪ್ಪಣೆಯಂತೆ ಪ್ರತಿ ಸಾಲಿನ ಕೊನೆಯ ಅಕ್ಷರದ ಕೊನೆಯ ಗೆರೆಯನ್ನು ಮಾತ್ರ ಬಿಟ್ಟಿದ್ದರು. ಕ್ಯಾಮರಾದ ಮುಂದೆ ಮಗು ಆ ಒಂದು ಗೆರೆ ಎಳೆದರೆ ಆಯಿತು, ಪ್ರತಿಭೆ ಸಿದ್ಧ.

"ಒಂದು ಜೋಡಿ ಪೂರ್ತಿ ನಾನೇ ಬರೀಲಾ ಮೇಷ್ಟ್ರೇ?" ಎಂದು ಕೆಶಿನ್ ಕೇಳಿದ್ದಳು.

"ಈ ಸಲ ಬೇಡ. ಅವರು ಹೇಳಿದಷ್ಟು ಮಾಡು."

ಎಂಟು ಮಕ್ಕಳು ದಪ್ಪ ಕೋಟಿನ ಮೇಲೆಯೇ ನಿಲುವಂಗಿ ಏರಿಸಿಕೊಂಡು, ಹತ್ತಿ ತುಂಬಿದ ದಿಂಬುಗಳ ಹಾಗೆ ವ್ಯಾನಿನಲ್ಲಿ ಕೂತರು. ತಾವ್‌ಲೋದಲ್ಲಿ ಅರ್ಧ ಮನೆಗಳಿಗೆ ಆಗಲೇ ಫೋನ್ ಕಂಪನಿಯೊಂದು ಹಂಚಿದ್ದ ಅಚ್ಚಿನ ಕಾಗದ ಅಂಟಿತ್ತು, ಅಕ್ಷರಕ್ಕೆ ಚಿನ್ನದ ಪುಡಿ ಬೇರೆ. ಊರವರೆಲ್ಲ ಹಳ್ಳಿ ಕಚೇರಿಯ ಅಂಗಳದಲ್ಲಿ ಪುಕ್ಕಟೆ ಎಣ್ಣೆಯ ಡಬ್ಬಿಗೆ ಸಾಲು ನಿಂತಿದ್ದರು. ಓಣಿಗಳು ಖಾಲಿ ಇದ್ದವು.

ಶಾಂಗ್ ಓಣಿಯ ಕೊನೆಯ ಮನೆಯ ಮುಂದೆ ನಿಂತ. "ಆಹಾ, ಇದು ನೋಡಿ ಬಾಗಿಲು ಅಂದ್ರೆ. ಹಳೇ ಮರ, ಹಳೇ ಇಟ್ಟಿಗೆ. ಇಲ್ಲೇ ತೆಗೆಯೋಣ."

"ಬೀಗ ಹಾಕಿದೆ ಸಾರ್," ಎಂದ ಕ್ಯಾಮರಾದವನು.

"ಹಾಕಿರಲಿ ಬಿಡು, ಬಂದು ನೋಡಿದಾಗ ಖುಷಿ ಆಗತ್ತೆ. ಆ ಹಳೇ ಕಾಗದ ಮೊದಲು ಕೀಳಿಸಿ, ಕೊಳಕಾಗಿ ಕಾಣತ್ತೆ."

ಆ ಹಳೇ ಕಾಗದ ಹಸಿರು ಬಣ್ಣದ್ದು. ಸಾವಾದ ಮನೆಯವರು ಮೂರು ಹೊಸ ವರ್ಷದ ಹಬ್ಬದವರೆಗೆ ಬಾಗಿಲಿಗೆ ಕೆಂಪು ಹಚ್ಚುವುದಿಲ್ಲ. ನಮ್ಮ ಕಡೆ ಮೊದಲ ಹಬ್ಬಕ್ಕೆ ಬಿಳಿ, ಎರಡನೆಯದಕ್ಕೆ ಹಸಿರು, ಮೂರನೆಯದಕ್ಕೆ ಹಳದಿ. ಇದು ಹೊಲ ಉಳುವವನಿಗೆ ಗೊತ್ತು, ಅಕ್ಷರ ಬಾರದ ಮುದುಕಿಗೆ ಗೊತ್ತು. ಸಂಸ್ಕೃತಿ ಕಲಿಸಲು ವ್ಯಾನು ಮಾಡಿಕೊಂಡು ಬಂದವರಿಗೆ ಮಾತ್ರ ಗೊತ್ತಿರಲಿಲ್ಲ.

ಮೇಷ್ಟ್ರಿಗೆ ಗೊತ್ತಿತ್ತು. ಬಣ್ಣವಷ್ಟೇ ಅಲ್ಲ, ಅಕ್ಷರವೂ ಗೊತ್ತಿತ್ತು. ವರ್ಷದ ಕೊನೆಯ ಹತ್ತು ದಿನ ಅವರು ಸಂತೆಯಲ್ಲಿ ಮೇಜು ಹಾಕಿ ಜನರಿಗೆ ಜೋಡಿಸಾಲು ಬರೆದುಕೊಡುತ್ತಿದ್ದರು. ಹೋದ ವರ್ಷ ತಾವ್‌ಲೋದ ಗುವೋ ಮನೆಯ ಅಜ್ಜಿ ಹಸಿರು ಕಾಗದ ಹಿಡಿದು ಬಂದಿದ್ದಳು. ಏನು ಬರೆಯಲಿ ಎಂದರೆ, "ನಮ್ಮನೆಯವರು ಹೊಲದಿಂದ ಹೊತ್ತು ಮುಳುಗಿದ ಮೇಲೇ ಬರೋರು. ನಾನು ಬಾಗಿಲು ಹಾಕ್ತಾನೇ ಇರಲಿಲ್ಲ. ಅದನ್ನ ಬರೀರಿ," ಎಂದಿದ್ದಳು. ಸಾವಿನ ಮನೆಗೆಂದು ಮೇಷ್ಟ್ರ ಬಳಿ ಸಿದ್ಧ ಸಾಲುಗಳಿದ್ದವು. ಯಾಕೋ ಅವತ್ತು ಅವನ್ನು ಬದಿಗಿಟ್ಟು ಹೊಸದಾಗಿ ಕಟ್ಟಿ ಬರೆದರು: ಹೊಲದ ದಾರಿ ಮಂಜಾದರೂ ಬಾಗಿಲು ತೆರೆದೇ ಇದೆ, ದೀಪದ ಎಣ್ಣೆ ತೀರಿದರೂ ಹೆಜ್ಜೆಯ ಸದ್ದು ಉಳಿದಿದೆ. ಹತ್ತು ವರ್ಷದಲ್ಲಿ ತಮ್ಮ ಕೈಯಿಂದ ಅಂಥದು ಬಂದಿರಲಿಲ್ಲ ಎಂದು ಅವರಿಗೇ ಅನ್ನಿಸಿತ್ತು. ಬಿಸಿಲಿಗೆ ಮಾಸಿ, ಅಂಚು ಹರಿದು, ಆ ಸಾಲುಗಳು ಈಗ ಎದುರಿಗಿದ್ದವು.

ಒಂದು ಮಾತು ಸಾಕಿತ್ತು. ಸಾರ್, ಈ ಮನೆ ಬೇಡ, ಪಕ್ಕದ್ದು ನೋಡೋಣ. ಇಷ್ಟೇ. ಆದರೆ ಕಚೇರಿಯವರ ಎದುರು ಶಾಂಗನ ತಪ್ಪು ತೋರಿಸಿದರೆ ಏನಾಗುತ್ತದೆ ಎಂಬುದನ್ನು ಮೇಷ್ಟ್ರು ಒಮ್ಮೆ ನೋಡಿದ್ದರು. ಐದನೇ ಅರ್ಜಿ ಕೋಟಿನ ಒಳಜೇಬಿನಲ್ಲಿತ್ತು. ವಾಪಸ್ ಹೋಗುವಾಗ ವ್ಯಾನಿನಲ್ಲೇ ರುಜು ಹಾಕುತ್ತೇನೆಂದು ಶಾಂಗ್ ಬೆಳಿಗ್ಗೆ ಹೇಳಿದ್ದ. ಮೇಷ್ಟ್ರು ಅಂಟಿನ ಡಬ್ಬಿಯ ಮುಚ್ಚಳ ತೆಗೆದರು.

ಕೆಶಿನ್ ಪಕ್ಕಕ್ಕೆ ಬಂದಳು. ಯಾರಿಗೂ ಕೇಳದ ಹಾಗೆ, ಮೇಷ್ಟ್ರ ಮಾನ ಉಳಿಸುವವಳ ಹಾಗೆ ಮೆಲ್ಲಗೆ ಹೇಳಿದಳು: "ಮೇಷ್ಟ್ರೇ, ಇದು ಸಾವಾದ ಮನೆ. ಹಸಿರು ಕಾಗದ ಇದೆ, ನೋಡಿ."

"ನೋಡ್ದೆ. ಕುಂಚ ತಗೋ."

"ನಮ್ಮಜ್ಜಿ ಹೋದಾಗ ನಮ್ಮನೇಲೂ ಹಚ್ಚಿದ್ವಿ. ಇದಕ್ಕೆ ಕೆಂಪು ಹಚ್ಚಬಾರದು."

"ದೊಡ್ಡವರಿದ್ದಾರೆ, ಅವರಿಗೆ ಗೊತ್ತು. ನೀನು ಸುಮ್ಮನಿರು."

ಹುಡುಗಿ ಬಾಗಿಲನ್ನೇ ನೋಡುತ್ತ ನಿಂತಳು. ಆಮೇಲೆ ಬೆರಳು ಚಾಚಿ, ಒಂದು ಅಡ್ಡಗೆರೆಯ ಕೊನೆಯನ್ನು, ಅದು ನಿಂತು ಹಿಂದಕ್ಕೆ ತಿರುಗಿ ಒತ್ತಿದ ಜಾಗವನ್ನು ಮುಟ್ಟಿದಳು. "ಇದನ್ನ ಬರೆದೋರು ನೀವೇ ಅಲ್ವಾ ಮೇಷ್ಟ್ರೇ?"

ಶಾಂಗ್ ಆ ಕಡೆಯಿಂದ ತಿರುಗಿ ನೋಡಿದ. "ಏನದು? ಏನಾದ್ರೂ ತೊಂದರೆನಾ?"

"ಏನಿಲ್ಲ ಸಾರ್," ಎಂದರು ಮೇಷ್ಟ್ರು. ಹುಡುಗಿಯ ಕಡೆ ತಿರುಗಿ, "ಅಲ್ಲ. ನಂದಲ್ಲ," ಎಂದರು.

ಕೆಶಿನ್ ಅವರನ್ನು ನೋಡಿದಳು. ಸಿಟ್ಟಿನ ನೋಟವಲ್ಲ, ಅಳುವ ನೋಟವೂ ಅಲ್ಲ. ತುಟಿಯ ಒಂದು ಮೂಲೆ ಚೂರು ಕೆಳಗಿಳಿದಿತ್ತು, ಅಷ್ಟೇ. ಮೇಷ್ಟ್ರಿಗೆ ಆ ನೋಟದ ಪರಿಚಯ ಚೆನ್ನಾಗಿಯೇ ಇತ್ತು. ಬ್ಯಾಂಕಿನ ಬೋರ್ಡನ್ನು, ಹೋಟೆಲಿನ ಹಲಗೆಯನ್ನು, ಟೈ ಕಟ್ಟಿದ ಶಾಂಗನನ್ನು ಅವರು ನೋಡುತ್ತಿದ್ದದ್ದೇ ಹಾಗೆ. ಕಲಿಸದೇ ಹೋದದ್ದನ್ನೂ ಹುಡುಗಿ ಕಲಿತುಬಿಟ್ಟಿದ್ದಳು.

ಹಸಿರು ಕಾಗದವನ್ನು ಇಬ್ಬರು ಮಕ್ಕಳು ಚಾಕುವಿನಿಂದ ಕೆರೆದು ಕಿತ್ತರು. ಕೆಂಪು ಏರಿತು. ಕೆಶಿನ್ ಕೊನೆಯ ಗೆರೆ ಎಳೆಯಲಿಲ್ಲ, ಕೈ ಮರಗಟ್ಟಿದೆ ಎಂದಳು. ಆಮೆ ಬರೆಯುವ ಒಂದು ಮಗು ಆ ಗೆರೆ ಎಳೆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಶಿನ್ ಮಾತ್ರ ಬಗ್ಗಿ ನೆಲದ ಮೇಲಿನ ಹಸಿರು ಚೂರುಗಳನ್ನು ಆರಿಸಿ ನಿಲುವಂಗಿಯ ತೋಳಿನೊಳಗೆ ತುಂಬಿಕೊಂಡಳು. ಬಾಡಿಗೆ ಬಟ್ಟೆ ಕೊಳೆಯಾಗುತ್ತದೆ ಎಂದು ಶಾಂಗ್ ಗದರಿಸಿದ.

ವ್ಯಾನಿನಲ್ಲಿ ಅವನು ಮಾತಿಗೆ ತಪ್ಪಲಿಲ್ಲ. ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಂಡದ ರಸ್ತೆಯಲ್ಲಿ ಕುಲುಕುತ್ತ ರುಜು ಹಾಕಿದ. "ನೀವು ಹಿರಿಯರು, ದೌ ಮೇಷ್ಟ್ರೇ. ಈ ಸಲ ನಮ್ಮ ಜೊತೆ ಹೊಂದಿಕೊಂಡ್ರಿ. ಸಂತೋಷ." ಆ ರುಜು ಸತ್ತ ಸೀಗಡಿಯ ಹಾಗಿತ್ತು. ಮೇಷ್ಟ್ರು ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡರು.

ಮಾರನೇ ದಿನ ಬೆಳಿಗ್ಗೆ ಅವರು ಹಳದಿ ಕಾಗದ ಕತ್ತರಿಸಿ, ಮಸಿ ತೇಯ್ದು, ಅದೇ ಎರಡು ಸಾಲು ಬರೆಯಲು ಕೂತರು. ಮೂರು ಸಲ ಕೆಟ್ಟಿತು, ನಾಲ್ಕನೆಯದು ನಿಂತಿತು. "ಅರ್ಜಿಗೆ ರುಜು ಬಿತ್ತಲ್ಲ, ಇನ್ನೂ ಯಾಕೆ ಮುಖ ಗಂಟಿಕ್ಕಿದ್ದೀರಿ?" ಎಂದು ಜಿನ್‌ಫೆಂಗ್ ಕೇಳಿದಳು. ಅವರು ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು. ಅಜ್ಜಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದರು. ಮಕ್ಕಳು ತಿಳಿಯದೆ ಮಾಡಿದರು ಎನ್ನುವುದೇ ವಾಸಿ ಎಂದುಕೊಂಡರು. ಅಷ್ಟು ನಾಚಿಕೆಗೇಡಿ ಮನುಷ್ಯ.

ಬಾಗಿಲಲ್ಲಿ ಕೆಂಪು ಇರಲಿಲ್ಲ. ಎರಡೂ ಕಡೆ ಹಳದಿ ಕಾಗದ ಅಂಟಿತ್ತು, ಅಂಟು ಇನ್ನೂ ಹಸಿ. ಅದೇ ಎರಡು ಸಾಲು. ಮೊದಲ ಸಾಲು ಬಲಕ್ಕೆ, ಎರಡನೆಯದು ಎಡಕ್ಕೆ. ಅಕ್ಷರಗಳು ಕೆಳಗಿಳಿಯುತ್ತ ಸ್ವಲ್ಪ ಎಡಕ್ಕೆ ವಾಲಿದ್ದವು, ಒಂದೆರಡು ಕಡೆ ಮಸಿ ಹರಡಿತ್ತು. ಆದರೆ ಒಂದೊಂದು ಅಡ್ಡಗೆರೆಯೂ ಕೊನೆಯಲ್ಲಿ ನಿಂತು, ತಿರುಗಿ, ಒತ್ತಿ, ಆಮೇಲೆ ಎದ್ದಿತ್ತು.

ಗುವೋ ಮನೆಯ ಅಜ್ಜಿ ಬೋಗುಣಿ ಹಿಡಿದು ಹೊರಗೆ ಬಂದಳು. "ಯಾರು ಬೇಕಿತ್ತು? ಓ, ಸಂತೆ ಮೇಷ್ಟ್ರು. ನಿನ್ನೆ ನಿಮ್ಮನ್ನೇ ಹುಡುಕ್ಕೊಂಡು ಹೋಗಿದ್ದೆ, ಹಳದಿ ಬರೆಸೋಣ ಅಂತ. ನಿಮ್ಮ ಜಾಗ ಖಾಲಿ. ಮಧ್ಯಾಹ್ನದವರೆಗೆ ಕಾದೆ. ವಾಪಸ್ ಬಂದು ನೋಡ್ತೀನಿ, ಬಾಗಿಲು ಮದುವೆ ಮನೆ ಥರ ಕೆಂಪಗಿದೆ. ಯಾವ ಮಂಗಗಳ ಕೆಲಸವೋ."

ಮೇಷ್ಟ್ರು ಕಂಕುಳಲ್ಲಿದ್ದ ಸುರುಳಿಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು.

"ಬೆಳಿಗ್ಗೆ ಒಂದು ಹುಡುಗಿ ಬಂತು, ಅವರಪ್ಪನ ಬೈಕಲ್ಲಿ. ಶಾಲೆಯವರು ತಪ್ಪು ಮಾಡಿದ್ರು ಅಜ್ಜಿ, ನಾನೂ ಇದ್ದೆ, ಅಂತು. ಬಿಸಿನೀರು ಹಾಕಿ ಕೆಂಪನ್ನೆಲ್ಲ ಕೆರೆದು, ಹಳೇ ಚೂರು ಜೋಡಿಸಿಟ್ಕೊಂಡು ಇಲ್ಲೇ ಕೂತು ಬರೀತು. ಬೆರಳೆಲ್ಲ ಚಳಿಗೆ ಕೆಂಪಾಗಿತ್ತು, ಪಾಪ. ಹೇಗಿದೆ ಮೇಷ್ಟ್ರೇ? ನನಗೆ ಓದಕ್ಕೆ ಬರಲ್ಲ, ನಿಮಗೆ ಗೊತ್ತಾಗತ್ತೆ."

ಮೇಷ್ಟ್ರು ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಇದನ್ನ ಬಿಸಾಡಬೇಡಿ," ಎಂದರು.

"ನಾನ್ಯಾಕೆ ಬಿಸಾಡ್ಲಿ?" ಎಂದಳು ಅಜ್ಜಿ. "ಇಷ್ಟು ಚೆಂದ ಬರೆಯೋಕೆ ಯಾರಮ್ಮ ಕಲಿಸಿದ್ದು ಅಂತ ಕೇಳ್ದೆ. ಯಾರೂ ಇಲ್ಲ ಅಂತು."

ಒಳಗೆ ಬಂದು ಬಿಸಿನೀರು ಕುಡಿದು ಹೋಗಿ ಎಂದು ಅಜ್ಜಿ ಕರೆದಳು. ಬಸ್ಸು ತಪ್ಪುತ್ತದೆ ಎಂದು ಹೇಳಿ, ಕಂಕುಳಲ್ಲಿದ್ದ ಸುರುಳಿಯನ್ನು ಕೋಟಿನ ಒಳಗೆ, ರುಜುವಾದ ಅರ್ಜಿಯ ಪಕ್ಕಕ್ಕೆ ತೂರಿಸಿಕೊಂಡು ಮೇಷ್ಟ್ರು ಹೊರಟರು.

ಹಬ್ಬ ಮುಗಿದು ಶಾಲೆ ಶುರುವಾದ ಮೇಲೆ ಕೆಶಿನ್ ಸಂಘಕ್ಕೆ ಬರಲಿಲ್ಲ. ಹಿರಿಯ ಶಿಕ್ಷಕ ದರ್ಜೆ ಮೇ ತಿಂಗಳಲ್ಲಿ ಬಂತು. ಶಾಲೆಯ ಗೇಟಿನ ಕಪ್ಪು ಹಲಗೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಅವರ ಹೆಸರು ಬರೆದು ಅಭಿನಂದನೆ ಎಂದು ಸೇರಿಸಿದ್ದರು. ಅಕ್ಷರ ಸೊಟ್ಟಗಿತ್ತು, ಹೆಸರಿನ ಅರ್ಧ ಹಲಗೆಯ ಅಂಚಿಗೆ ಜಾರಿತ್ತು. ಮೇಷ್ಟ್ರು ಸೈಕಲ್ ನಿಲ್ಲಿಸಿ ಅದನ್ನು ನೋಡಿದರು. ಏನೂ ಅನ್ನದೆ ಒಳಗೆ ಹೋದರು.